ಕೆಂಪು ಧೂಳೂ ಕಾರಿನ ತೈಲಶೋಧಕವೂ

ಬಳ್ಳಾರಿ ನಗರದಿಂದ ಮೂರು ಕಾರುಗಳು ಮೂರು ದಿಕ್ಕಿಗೆ ಹೊರಡುತ್ತವೆ ಎಂದು ಭಾವಿಸೋಣ. ಪಶ್ಚಿಮಕ್ಕೆ ತೋರಣಗಲ್ಲಿನ ಕಡೆ ಹೊರಟದ್ದು ಸಂಡೂರಿನ ಬೆಟ್ಟಗಳಿಂದ ಇಳಿದ ಅದಿರಿನ ಲಾರಿಗಳ ಬೆನ್ನುಹಿಂದೆ ಕೆಂಪು ಧೂಳನ್ನು ಕುಡಿಯುತ್ತ ಸಾಗುತ್ತದೆ. ಉತ್ತರಕ್ಕೆ ಸಿರುಗುಪ್ಪದ ಕಡೆ ಹೊರಟದ್ದು ಮೊದಲು ಎರೆಹೊಲಗಳ ಕಪ್ಪು ಧೂಳನ್ನೂ, ಆಮೇಲೆ ಬತ್ತದ ಗಿರಣಿಗಳ ಚಿಮಣಿಗಳಿಂದ ಹಾರಿಬರುವ ಹೊಟ್ಟಿನ ಬೂದಿಯನ್ನೂ ಎದುರಿಸುತ್ತದೆ. ಕುರುಗೋಡಿಗೆ ಹೊರಟದ್ದಕ್ಕೆ ಗ್ರಾನೈಟ್ ಬೆಟ್ಟಗಳ ನಡುವಿನ ನುಣ್ಣನೆಯ ಕಲ್ಲುಪುಡಿಯ ಪಾಲು. ಮಳೆ ಕಡಿಮೆ, ಬಿಸಿಲು ಹೆಚ್ಚು, ಗಾಳಿಗೆ ಬಿಡುವಿಲ್ಲ. ಧೂಳು ಎಂಬುದು ಈ ಸೀಮೆಯಲ್ಲಿ ಋತುಮಾನದ ಮಾತಲ್ಲ, ವರ್ಷದ ಬಹುಪಾಲಿನ ಮಾತು.

ಇಂಥ ಪ್ರತಿಯೊಂದು ಕಾರಿನ ಎಂಜಿನ್ನಿನ ಮಗ್ಗುಲಲ್ಲಿ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ತಗಡಿನ ಡಬ್ಬಿ ಇರುತ್ತದೆ. ಜನ ಅದನ್ನು ಆಯಿಲ್ ಫಿಲ್ಟರ್ ಎನ್ನುತ್ತಾರೆ; ಗ್ರಂಥಭಾಷೆಯಲ್ಲಿ ತೈಲಶೋಧಕ. ಕಾರಿನ ಒಡೆಯನ ಕಣ್ಣಿಗೆ ಅದು ಬೀಳುವುದು ಸರ್ವಿಸಿನ ಬಿಲ್ಲಿನಲ್ಲಿ ಒಂದು ಸಾಲಾಗಿ ಮಾತ್ರ. ಆದರೆ ತಾನೇ ಬಿಡಿಭಾಗದ ಅಂಗಡಿಗೆ ಹೋದವನಿಗೆ ಬೇರೆಯೇ ಅನುಭವವಾಗುತ್ತದೆ. ಅಂಗಡಿಯವರು ಒಂದೇ ಗಾಡಿಗೆ ಹೊಂದುವ ಮೂರು ಡಬ್ಬಿಗಳನ್ನು ಮೇಜಿನ ಮೇಲಿಟ್ಟು, “ಒರಿಜಿನಲ್ ಬೇಕೋ, ಬೇರೆ ಕಂಪೆನಿಯದಾದರೂ ಆದೀತೋ, ಲೋಕಲ್ ಸಾಕೋ” ಎಂದು ಕೇಳುತ್ತಾರೆ. ಹೊರಗಿನಿಂದ ಮೂರೂ ಒಂದೇ ತೆರ. ಬೆಲೆ ಮಾತ್ರ ಮೂರು ತೆರ. ಉಳಿತಾಯವೋ ನೂರಿನ್ನೂರು ರೂಪಾಯಿಯದು. ತಪ್ಪಿದರೆ ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಹೊಸ ಬೇರಿಂಗ್ ಕೂಡಿಸುವ ಖರ್ಚು ಹತ್ತಾರು ಸಾವಿರ. ಬಾಡಿಗೆ ಕಾರನ್ನೇ ನಂಬಿದವರಿಗಂತೂ ಗಾಡಿ ಗ್ಯಾರೇಜಿನಲ್ಲಿ ಕೂತ ಅಷ್ಟೂ ದಿನ ದುಡಿಮೆಯಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹೀಗಿರುವಲ್ಲಿ ಅಂಗಡಿಯವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ, ಡಬ್ಬಿಯ ಒಳಗೆ ಏನಿರಬೇಕು, ಏತಕ್ಕೆ ಇರಬೇಕು ಎಂಬುದನ್ನು ಅರಿಯುವುದು ಅಗತ್ಯ.

ಕೂದಲಿಗಿಂತ ತೆಳುವಾದ ಹೊದಿಕೆ

ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವಾಗ ಅದರ ಉಕ್ಕು ಬೇರಿಂಗಿನ ಲೋಹವನ್ನು ಮುಟ್ಟುವುದೇ ಇಲ್ಲ. ಅವೆರಡರ ನಡುವೆ ತೈಲದ ಒಂದು ತೆಳುಪದರ ಆ ಭಾರವನ್ನೆಲ್ಲ ಹೊರುತ್ತದೆ. ಇದು ಪತ್ತೆಯಾದ ಬಗೆ ಸ್ವಾರಸ್ಯವಾಗಿದೆ. 1883ರಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚುಗಳ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಬಿಡಲೆಂದು ಮೇಲುಗಡೆ ಕೊರೆದ ತೂತಿನಿಂದ ಎಣ್ಣೆ ಒಳಗಿಳಿಯುವ ಬದಲು ಹೊರಕ್ಕೇ ಉಕ್ಕತೊಡಗಿತು. ಬಿರಡೆ ಬಡಿದರೆ ಬಿರಡೆ ಹಾರಿತು; ಮರದ ಬೆಣೆ ಹೊಡೆದರೆ ಅದೂ ಈಚೆಗೆ ಬಂದಿತು. ಒತ್ತಡಮಾಪಕ ಜೋಡಿಸಿ ನೋಡಲಾಗಿ, ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡದ ಇಮ್ಮಡಿಗೂ ಮಿಕ್ಕಿದ ಒತ್ತಡ ಆ ತೂತಿನಲ್ಲಿ ಕಂಡುಬಂದಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಬೆಣೆಯಾಕಾರದ ಸಂದಿಗೆ ಎಳೆದು ಅದರ ಮೇಲೆ ತೇಲುತ್ತದೆಂಬ ಈ ಸಂಗತಿಗೆ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದ ಆಧಾರ ಒದಗಿಸಿದನು. ಇಂದಿನ ಎಲ್ಲ ಕಾರುಗಳ ಬೇರಿಂಗುಗಳೂ ಆ ಸಮೀಕರಣದ ಆಶ್ರಯದಲ್ಲಿ ನಡೆಯುತ್ತವೆ.

ಈ ಪದರದ ದಪ್ಪ ಎಷ್ಟು? ಕೆಲವು ಮೈಕ್ರಾನು ಮಾತ್ರ. ಭಾರ ಹೆಚ್ಚಿದ ಗಳಿಗೆಯಲ್ಲಿ ಒಂದು ಮೈಕ್ರಾನಿನ ಆಸುಪಾಸಿಗೆ ಇಳಿಯುವುದೂ ಉಂಟು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು. ಪದರಕ್ಕಿಂತ ತೀರ ಚಿಕ್ಕ ಕಣ ತೈಲದೊಡನೆ ಹರಿದುಹೋಗುತ್ತದೆ. ತೀರ ದೊಡ್ಡದು ಸಂದಿಗೆ ಸುಲಭವಾಗಿ ನುಗ್ಗಲಾರದು. ಪದರದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಗಾತ್ರದ್ದೇ ನಿಜವಾದ ಶತ್ರು. ಅದು ಒಂದು ಮೈಯನ್ನು ಶಾಫ್ಟಿಗೆ, ಇನ್ನೊಂದು ಮೈಯನ್ನು ಬೇರಿಂಗಿಗೆ ತಾಗಿಸಿ ಉಳುಮೆ ಮಾಡುತ್ತ ಸಾಗುತ್ತದೆ. ಬೇರಿಂಗಿನ ಮೃದುಲೋಹ ಕೆಲವು ಕಣಗಳನ್ನು ತನ್ನೊಳಗೆ ಹುದುಗಿಸಿಕೊಂಡು ಉಪಕಾರ ಮಾಡುವುದೇನೋ ನಿಜ. ಆದರೆ ಹುದುಗಿದ ಕಣಗಳು ಮಿತಿಮೀರಿದರೆ ಬೇರಿಂಗೇ ಮರಳುಕಾಗದವಾಗಿ ಶಾಫ್ಟನ್ನು ಉಜ್ಜತೊಡಗುತ್ತದೆ.

ನಮ್ಮ ಜಿಲ್ಲೆಯ ಧೂಳಿನ ಗುಣ ಈ ದೃಷ್ಟಿಯಿಂದ ಗಮನಾರ್ಹ. ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ವಜ್ರಕ್ಕೆ 10 ಅಂಕ, ಬೆಣಚುಕಲ್ಲಿಗೆ 7. ಸಂಡೂರಿನ ಅದಿರಿನ ಹೆಮಟೈಟಿಗೆ 5ರಿಂದ 6.5, ಆ ಬೆಟ್ಟಗಳ ಪಟ್ಟೆಬಂಡೆಗಳಲ್ಲಿ ಹೆಮಟೈಟಿನ ಪದರದ ಮಗ್ಗುಲಲ್ಲೇ ಬೆಣಚಿನ ಪದರವೂ ಇರುತ್ತದೆ. ಕುರುಗೋಡಿನ ಗ್ರಾನೈಟಿನಲ್ಲಿಯೂ ಬೆಣಚು ಧಾರಾಳ. ಸಿರುಗುಪ್ಪದ ಹೊಟ್ಟಿನ ಬೂದಿ ಮೃದುವೆಂದು ಕೆಲವರು ತಿಳಿದಿರಬಹುದು. ಬತ್ತದ ಹೊಟ್ಟನ್ನು ಸುಟ್ಟರೆ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಸಿಲಿಕಾ, ಅಂದರೆ ಬೆಣಚಿನ ದ್ರವ್ಯವೇ! 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ ಕಾಲುವೆಯ ನೀರು ಹರಿದಂದಿನಿಂದ ಬತ್ತವೂ ಬಂದಿತು, ಗಿರಣಿಯೂ ಬಂದಿತು, ಹೊಟ್ಟಿನ ಬೂದಿಯೂ ಬಂದಿತು.

ಧೂಳು ಎಂಜಿನ್ನಿನೊಳಗೆ ಹೋಗುವುದು ಹೆಚ್ಚಾಗಿ ಉಸಿರಿನ ದಾರಿಯಿಂದ. 1.2 ಲೀಟರಿನ ನಾಲ್ಕು ಹೊಡೆತದ ಎಂಜಿನ್ನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆಯುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ನಿಮಿಷಕ್ಕೆ 3000 ಸುತ್ತಿನಲ್ಲಿ ಓಡಿಸಿದರೆ 1800 ಲೀಟರು, ಗಂಟೆಗೆ ನೂರು ಘನಮೀಟರಿಗೂ ಹೆಚ್ಚು. ಸಾವಕಾಶವಾಗಿ ಹೋದರೆ ಇದಕ್ಕಿಂತ ಕಡಿಮೆ. ಲಾರಿಯ ಹಿಂದಿನ ಗಾಳಿಯಲ್ಲಿ ಘನಮೀಟರಿಗೆ ಒಂದು ಮಿಲಿಗ್ರಾಂ ಧೂಳಿದೆಯೆಂದೂ, ಏರ್ ಫಿಲ್ಟರ್ ನೂರರಲ್ಲಿ 99 ಪಾಲು ಹಿಡಿಯುತ್ತದೆಂದೂ ಇಟ್ಟುಕೊಳ್ಳೋಣ. ಗಂಟೆಗೆ ಒಳಹೊಕ್ಕದ್ದು ಒಂದೇ ಮಿಲಿಗ್ರಾಂ. ಅಲ್ಪವೆಂದು ತೋರುತ್ತದೆ. ಆದರೆ ಅದೆಲ್ಲವೂ 10 ಮೈಕ್ರಾನಿನ ಬೆಣಚಿನ ಕಣಗಳಾದರೆ ಎಣಿಕೆ ಏಳು ಲಕ್ಷವನ್ನು ಮುಟ್ಟುತ್ತದೆ. ಇವುಗಳಲ್ಲಿ ಹಲವು ಹೊಗೆಯೊಡನೆ ಹೊರಟುಹೋಗುತ್ತವೆ; ಉಳಿದವು ಪಿಸ್ಟನ್ನಿನ ರಿಂಗುಗಳನ್ನು ದಾಟಿ ತೈಲಕ್ಕೆ ಇಳಿಯುತ್ತವೆ. ಎಂಜಿನ್ ತಾನೇ ಹುಟ್ಟಿಸುವ ಮಸಿ, ಸವೆದ ಲೋಹದ ಚೂರು ಇದರ ಮೇಲೆ ಬೇರೆ.

ಚೀನಾ ದೇಶದ ಬೇಡಿಕೆಯಿಂದ ಅದಿರಿನ ಸಾಗಣೆ ಮಿತಿಮೀರಿದ್ದ ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿನ ರಸ್ತೆಬದಿಯ ಮರಗಳ ಎಲೆಗಳೇ ಕೆಂಪಾಗಿದ್ದುವು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು; ಮುಂದೆ ಕಟ್ಟುಪಾಡುಗಳೊಡನೆ ಗಣಿಗಳು ಮತ್ತೆ ತೆರೆದುವು. ಧೂಳು ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಡಬ್ಬಿಯ ಒಳಗೆ

ಮೊದಲ ಕಾಲದ ಕಾರುಗಳಿಗೆ ತೈಲಶೋಧಕವೇ ಇರಲಿಲ್ಲ. ಎಣ್ಣೆಯನ್ನೇ ಮೇಲಿಂದ ಮೇಲೆ ಬದಲಾಯಿಸುತ್ತಿದ್ದರು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬವರು ಪ್ಯೂರೊಲೇಟರ್ ಎಂಬ ಹೆಸರಿನ ಶೋಧಕವನ್ನು ತಂದರು. ಆಗಿನವು ತೈಲದ ಒಂದು ಚಿಕ್ಕ ಕವಲನ್ನು ಮಾತ್ರ ಸೋಸುತ್ತಿದ್ದುವು. ಪಂಪಿನಿಂದ ಹೊರಟ ಎಣ್ಣೆಯೆಲ್ಲವೂ ಸೋಸಿಯೇ ಬೇರಿಂಗಿಗೆ ಹೋಗುವ ಪೂರ್ಣಪ್ರವಾಹದ ಪದ್ಧತಿ ಕಳೆದ ಶತಮಾನದ ನಡುಭಾಗದಲ್ಲಿ ರೂಢಿಗೆ ಬಂದಿತು. ತಿರುಗಿಸಿ ಬಿಗಿಯುವ, ಕೆಟ್ಟಾಗ ಇಡಿಯಾಗಿ ಎಸೆಯುವ ಇಂದಿನ ಡಬ್ಬಿ 1950ರ ದಶಕದ ಸೃಷ್ಟಿ.

ಡಬ್ಬಿಯ ಬಾಯಿಯಲ್ಲಿ ದಪ್ಪ ತಗಡಿನ ಒಂದು ತಟ್ಟೆ. ನಡುವೆ ಮರೆ ಕೊರೆದ ದೊಡ್ಡ ತೂತು, ಸುತ್ತಲೂ ಚಿಕ್ಕ ತೂತುಗಳು. ಎಂಜಿನ್ನಿನ ಕೆಳಗಿನ ತೊಟ್ಟಿಯಿಂದ — ನಮ್ಮ ಮೆಕ್ಯಾನಿಕರು ಅದನ್ನು ಚೇಂಬರ್ ಎನ್ನುತ್ತಾರೆ — ಪಂಪು ಎತ್ತಿದ ಎಣ್ಣೆ ಚಿಕ್ಕ ತೂತುಗಳಿಂದ ಒಳಹೊಕ್ಕು, ಮಡಿಕೆ ಮಡಿಕೆಯಾಗಿ ಸುತ್ತಿದ ಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಣ ತೂತಿನ ಕೊಳವೆಯ ಮೂಲಕ ಎಂಜಿನ್ನಿಗೆ ಹಿಂದಿರುಗುತ್ತದೆ. ಕಾಗದದ ಎರಡು ತುದಿಗಳಿಗೂ ತಗಡಿನ ಅಥವಾ ಗಟ್ಟಿ ಕಾಗದದ ಮುಚ್ಚಳಗಳನ್ನು ಅಂಟಿಸಿರುತ್ತಾರೆ. ಇವಲ್ಲದೆ ಎರಡು ಕವಾಟಗಳುಂಟು. ಒಂದು, ರಬ್ಬರಿನ ಹಿಮ್ಮುಖ ಕವಾಟ: ಎಂಜಿನ್ ನಿಂತಾಗ ಡಬ್ಬಿಯೊಳಗಿನ ಎಣ್ಣೆ ಚೇಂಬರಿಗೆ ಇಳಿದುಹೋಗದಂತೆ ಇದು ತಡೆಯುತ್ತದೆ. ಇನ್ನೊಂದು ಬೈಪಾಸ್ ಕವಾಟ. ಕಾಗದ ಕಟ್ಟಿಕೊಂಡರೆ ಅಥವಾ ಎಣ್ಣೆ ತೀರ ಮಂದವಾಗಿದ್ದರೆ ಸ್ಪ್ರಿಂಗು ಸೋತು ಇದು ತೆರೆಯುತ್ತದೆ. ಆಗ ಎಣ್ಣೆ ಸೋಸದೆಯೇ ಮುಂದಕ್ಕೆ ಹೋಗುತ್ತದೆ. ಎಣ್ಣೆಯೇ ಇಲ್ಲದ ಬೇರಿಂಗಿಗಿಂತ ಕೊಳೆಯೆಣ್ಣೆಯ ಬೇರಿಂಗು ಮೇಲೆಂಬುದೇ ಇಲ್ಲಿನ ನ್ಯಾಯ. ಬೇರೆಬೇರೆ ಎಂಜಿನ್ನುಗಳಿಗೆ ಇದು ತೆರೆಯಬೇಕಾದ ಒತ್ತಡ ಬೇರೆ. ಸ್ಥೂಲವಾಗಿ ಅರ್ಧ ಬಾರಿನಿಂದ ಒಂದೂವರೆ ಬಾರಿನವರೆಗೆ.

ಕಾಗದದ ವಿಷಯ ಹೆಚ್ಚು ಸೂಕ್ಷ್ಮವಾದುದು. ಇದು ಬರೆಯುವ ಕಾಗದವಲ್ಲ. ಮರದ ನಾರುಗಳಿಂದ ಮಾಡಿ, ಬಿಸಿಯೆಣ್ಣೆಗೆ ಮೆತ್ತಗಾಗದಂತೆ ಫೀನಾಲಿಕ್ ರಾಳದಲ್ಲಿ ತೋಯಿಸಿ ಬೇಯಿಸಿದ್ದು; ಮೇಲ್ತರಗತಿಯದರಲ್ಲಿ ಗಾಜಿನ ಅಥವಾ ಕೃತಕ ನಾರುಗಳೂ ಬೆರೆತಿರುತ್ತವೆ. ಅದು ಜರಡಿಯಂತೆ ಎಂದು ಹೇಳುವುದು ವಾಡಿಕೆ. ಈ ಹೋಲಿಕೆ ಅರ್ಧ ಮಾತ್ರ ಸತ್ಯ. ಜರಡಿಯ ಕಣ್ಣುಗಳೆಲ್ಲ ಒಂದೇ ಅಳತೆಯವು. ಕಾಗದದಲ್ಲಿ ನಾರುಗಳು ಜಾಲಿಯ ಪೊದೆಯಂತೆ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಒಂದು ಸಂದಿ 10 ಮೈಕ್ರಾನು, ಪಕ್ಕದ್ದು 40. ಕಣ ಕೆಲವೆಡೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಕೆಲವೆಡೆ ಹರಿವು ತಿರುಗಿದಾಗ ತಾನು ತಿರುಗಲಾರದೆ ನಾರಿಗೆ ಬಡಿದು ಅಂಟಿಕೊಳ್ಳುತ್ತದೆ, ಕೆಲವೆಡೆ ತಪ್ಪಿಸಿಕೊಳ್ಳುತ್ತದೆ. ಆದಕಾರಣ ಡಬ್ಬಿಯ ಪೆಟ್ಟಿಗೆಯ ಮೇಲೆ ‘20 ಮೈಕ್ರಾನ್’ ಎಂದಷ್ಟೇ ಅಚ್ಚಾಗಿದ್ದರೆ ಆ ಮಾತಿಗೆ ಅರ್ಥವಿಲ್ಲ. 20 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆಂಬುದನ್ನು ಹೇಳಿದಾಗ ಮಾತ್ರ ಅದು ಅಳತೆಯಾಗುತ್ತದೆ. ಶಾಸ್ತ್ರಜ್ಞರು ಇದನ್ನು ಬೀಟಾ ಪ್ರಮಾಣದಿಂದ ಸೂಚಿಸುತ್ತಾರೆ: ಶೋಧಕದ ಮುಂದಿರುವ ಕಣಗಳ ಸಂಖ್ಯೆಯನ್ನು ಅದರ ಹಿಂದೆ ಉಳಿದ ಸಂಖ್ಯೆಯಿಂದ ಭಾಗಿಸಿದ್ದು. ಬೀಟಾ 2 ಎಂದರೆ ಅರ್ಧ ಸಿಕ್ಕಿತು, ಅರ್ಧ ತಪ್ಪಿತು. ಬೀಟಾ 20 ಎಂದರೆ ನೂರಕ್ಕೆ 95 ಸಿಕ್ಕಿತು. 100 ಎಂದರೆ 99. ಒಂದೇ ‘20 ಮೈಕ್ರಾನ್’ ಎಂಬ ಹಣೆಪಟ್ಟಿಯ ಕೆಳಗೆ ಈ ಮೂರೂ ಅಡಗಿರಬಹುದು.

ಅಳೆಯುವುದಕ್ಕೆ ಅಂತರರಾಷ್ಟ್ರೀಯ ಕ್ರಮವೊಂದಿದೆ, ಐ.ಎಸ್.ಒ. 4548ರ ಹನ್ನೆರಡನೆಯ ಭಾಗ ಅದು. ಎಣ್ಣೆಗೆ ಗೊತ್ತಾದ ಧೂಳನ್ನು ಬೆರೆಸುತ್ತ ಶೋಧಕದ ಮೂಲಕ ಮತ್ತೆ ಮತ್ತೆ ಹಾಯಿಸಿ, ಮುಂದೆಯೂ ಹಿಂದೆಯೂ ಕಣಗಳನ್ನು ಯಂತ್ರದಿಂದ ಎಣಿಸುತ್ತಾರೆ. ಪರೀಕ್ಷೆಗೆ ಬಳಸುವ ಧೂಳಿನ ಮೂಲ ಅಮೆರಿಕದ ಅರಿಜೋನಾ ಮರುಭೂಮಿ. ಅದರಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಸಿಲಿಕಾ, ಕಬ್ಬಿಣದ ಆಕ್ಸೈಡು 2ರಿಂದ 5. ಬಳ್ಳಾರಿಯ ಅದಿರುದಾರಿಯ ಧೂಳಿನಲ್ಲಿ ಕಬ್ಬಿಣದ ಪಾಲು ಇದಕ್ಕಿಂತ ಬಹಳ ಹೆಚ್ಚೆಂದು ಹೇಳಲು ಪ್ರಯೋಗಶಾಲೆ ಬೇಕಿಲ್ಲ, ಬಿಳಿಯ ಅಂಗಿ ಸಾಕು.

ಎಣ್ಣೆ ಸುತ್ತುತ್ತಲೇ ಇರುತ್ತದಲ್ಲ?

ಅಂಗಡಿಗಳಲ್ಲಿ ಕೇಳಿಬರುವ ಒಂದು ವಾದವನ್ನು ಇಲ್ಲಿ ಪರಿಶೀಲಿಸುವುದು ಒಳ್ಳೆಯದು. ಚೇಂಬರಿನಲ್ಲಿರುವುದು ಮೂರೂವರೆ ಲೀಟರು ಎಣ್ಣೆ; ಪಂಪು ನಿಮಿಷಕ್ಕೆ ಮೂವತ್ತು ಲೀಟರು ಹಾಯಿಸಿದರೆ ಅದೇ ಎಣ್ಣೆ ನಿಮಿಷಕ್ಕೆ ಎಂಟು ಸಲ ಶೋಧಕವನ್ನು ದಾಟುತ್ತದೆ. ಒಂದು ಸಲಕ್ಕೆ ಅರ್ಧದಷ್ಟೇ ಕಣ ಹಿಡಿದರೂ ಹತ್ತು ಸಲದಲ್ಲಿ ಉಳಿಯುವುದು ಸಾವಿರಕ್ಕೆ ಒಂದು. ಹಾಗಾದರೆ ಅಗ್ಗದ ಕಾಗದ ಏಕಾಗಬಾರದು?

ಕೊಳೆ ಒಂದೇ ಸಲ ಬಿದ್ದು ನಿಲ್ಲುವಂತಿದ್ದರೆ ಈ ವಾದ ಒಪ್ಪತಕ್ಕದ್ದೇ. ಆದರೆ ಎಂಜಿನ್ ಓಡುವಷ್ಟು ಹೊತ್ತೂ ಹೊಸ ಕೊಳೆ ಬರುತ್ತಲೇ ಇರುತ್ತದೆ. ತೂತಿರುವ ತೊಟ್ಟಿಗೆ ನಲ್ಲಿ ಬಿಟ್ಟಂತೆ, ಬರುವುದೂ ಹೋಗುವುದೂ ಸಮನಾಗುವ ಮಟ್ಟದಲ್ಲಿ ಎಣ್ಣೆಯ ಕೊಳೆ ನಿಲ್ಲುತ್ತದೆ. ಲೆಕ್ಕ ಹಾಕಿದರೆ, ಆ ಮಟ್ಟ ಶೋಧಕದ ಸಾಮರ್ಥ್ಯಕ್ಕೆ ವಿಲೋಮವಾಗಿರುತ್ತದೆ. ನೂರಕ್ಕೆ 95 ಹಿಡಿಯುವ ಕಾಗದವನ್ನು ತೆಗೆದು 50 ಹಿಡಿಯುವುದನ್ನು ಕೂಡಿಸಿದರೆ ಎಣ್ಣೆಯಲ್ಲಿ ಯಾವಾಗಲೂ ಇರುವ ಆ ಗಾತ್ರದ ಕಣಗಳ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ. ಇನ್ನೂ ಒಂದು ಮಾತು. ಕಾಗದ ಉತ್ತಮವಾಗಿದ್ದು, ಬೈಪಾಸ್ ಕವಾಟ ಸರಿಯಾಗಿ ಕೂರದೆ ನೂರಕ್ಕೆ 40 ಪಾಲು ಎಣ್ಣೆ ಪಕ್ಕದಿಂದ ಸೋರಿಹೋದರೆ, 95ರ ಸಾಮರ್ಥ್ಯ 57ಕ್ಕೆ ಇಳಿಯುತ್ತದೆ. ಒಳ್ಳೆಯ ಕಾಗದಕ್ಕೆ ಕೊಟ್ಟ ಹಣ ಒಂದು ಸ್ಪ್ರಿಂಗಿನ ದೋಷದಿಂದ ವ್ಯರ್ಥ.

ಇದು ಬರಿಯ ಲೆಕ್ಕವಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯವರು ನಡೆಸಿ 1988ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, 40 ಮೈಕ್ರಾನಿನ ಶೋಧಕಕ್ಕೆ ಹೋಲಿಸಿದರೆ 30 ಮೈಕ್ರಾನಿನದು ಎಂಜಿನ್ನಿನ ಸವೆತವನ್ನು ನೂರಕ್ಕೆ 50ರಷ್ಟು, 15 ಮೈಕ್ರಾನಿನದು 70ರಷ್ಟು ಕಡಿಮೆಮಾಡಿತು. ಅವು ಬೇಕೆಂದೇ ಧೂಳು ಬೆರೆಸಿ ಸವೆತವನ್ನು ತ್ವರೆಗೊಳಿಸಿದ ಪರೀಕ್ಷೆಗಳು. ಶುಭ್ರವಾದ ಹೆದ್ದಾರಿಯಲ್ಲಿ ಅಷ್ಟೊಂದು ವ್ಯತ್ಯಾಸ ಕಾಣಲಾರದು. ನಮ್ಮ ರಸ್ತೆಗಳು ಮಾತ್ರ ಆ ಪರೀಕ್ಷೆಗೆ ಹತ್ತಿರವಾಗಿಯೇ ಇವೆ!

ಮಡಿಕೆಗಳ ಲೆಕ್ಕ

ಕೆಲವು ಗ್ಯಾರೇಜುಗಳಿಂದ ಬಳಸಿದ ಡಬ್ಬಿಗಳನ್ನೂ, ಅಂಗಡಿಯಿಂದ ಹೊಸತಾಗಿ ಕೊಂಡ ಒಂದೆರಡನ್ನೂ ನಾವು ಬಾಯಿ ಕತ್ತರಿಸಿ ನೋಡಿದೆವು. ಎಲ್ಲ ಅಗ್ಗದ ಡಬ್ಬಿಗಳೂ ಕೆಟ್ಟವೇನಲ್ಲ. ಆದರೆ ಕೆಟ್ಟವುಗಳಲ್ಲಿ ಕಂಡ ದೋಷಗಳಿಗೆ ಒಂದು ಕ್ರಮವಿತ್ತು: ಮಡಿಕೆಗಳು ವಿರಳ, ಒಂದು ಕಡೆ ಗುಂಪುಗೂಡಿ ಇನ್ನೊಂದು ಕಡೆ ಬಾಯಿಬಿಟ್ಟಿರುವುದು, ಕಾಗದದ ಎರಡು ಅಂಚುಗಳು ಕೂಡುವಲ್ಲಿ ಅಂಟು ಬಿಟ್ಟಿರುವುದು, ಹಿಮ್ಮುಖ ಕವಾಟದ ರಬ್ಬರು ಹಪ್ಪಳದಂತೆ ಗಟ್ಟಿಯಾಗಿರುವುದು.

ಮಡಿಕೆ ಕಡಿಮೆಯಾದರೆ ಏನಾಗುತ್ತದೆಂಬುದನ್ನು 1856ರಲ್ಲಿಯೇ ಫ್ರಾನ್ಸಿನ ಹೆನ್ರಿ ಡಾರ್ಸಿ ಹೇಳಿಟ್ಟಿದ್ದಾನೆ. ಡಿಜಾನ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಕಾರ್ಯದಲ್ಲಿ ಅವನು ಮರಳಿನ ಮೂಲಕ ನೀರು ಹಾಯುವುದನ್ನು ಅಳೆದು ನಿಯಮವೊಂದನ್ನು ಕಂಡುಕೊಂಡನು. ಹರಿವು ಕ್ಷೇತ್ರಫಲಕ್ಕೂ ಒತ್ತಡದ ಅಂತರಕ್ಕೂ ಅನುಪಾತವಾಗಿರುತ್ತದೆ. ಪದರದ ದಪ್ಪಕ್ಕೂ, ಮುಂದಿನವರು ಸೇರಿಸಿದಂತೆ ದ್ರವದ ಸ್ನಿಗ್ಧತೆಗೂ, ವಿಲೋಮವಾಗಿರುತ್ತದೆ. ಉದಾಹರಣೆಗೆ, ಒಂದೂವರೆ ಸೆಂಟಿಮೀಟರು ಆಳ, ಆರು ಸೆಂಟಿಮೀಟರು ಎತ್ತರದ 60 ಮಡಿಕೆಗಳಿದ್ದರೆ ಎರಡೂ ಮೈ ಸೇರಿ ಕಾಗದ 1080 ಚದರ ಸೆಂಟಿಮೀಟರು. 40 ಮಡಿಕೆಗಳಾದರೆ 720. ಹಾಯಬೇಕಾದ ಎಣ್ಣೆ ಮಾತ್ರ ಅಷ್ಟೇ. ಆದ್ದರಿಂದ ಮೊದಲನೆಯದಕ್ಕೆ 0.6 ಬಾರ್ ಒತ್ತಡ ಸಾಕಾದಲ್ಲಿ ಎರಡನೆಯದಕ್ಕೆ 0.9 ಬಾರ್ ಬೇಕು. ಕವಾಟ ಒಂದು ಬಾರಿಗೆ ತೆರೆಯುವಂಥದಾದರೆ, ಎರಡನೆಯ ಡಬ್ಬಿಯಲ್ಲಿ ಸ್ವಲ್ಪ ಕೊಳೆ ಸೇರುತ್ತಲೇ ಅದು ಬಾಯಿಬಿಡತೊಡಗುತ್ತದೆ.

ಎಣ್ಣೆಯ ಸ್ನಿಗ್ಧತೆ ಈ ಆಟವನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. 15ಡಬ್ಲ್ಯು-40 ಎಂಬ ಸಾಮಾನ್ಯ ಎಣ್ಣೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿರುವುದಕ್ಕಿಂತ 40 ಡಿಗ್ರಿಯಲ್ಲಿ ಏಳೆಂಟು ಪಟ್ಟು ಮಂದ. ಪುಷ್ಯಮಾಸದ ಮುಂಜಾವಿನಲ್ಲಿ ಇನ್ನೂ ಬಹಳ ಮಂದ. ಆಗ ಎಂಜಿನ್ ಹಚ್ಚಿದೊಡನೆ ಆಕ್ಸಿಲರೇಟರ್ ಒತ್ತಿ ಗುರುಗುಟ್ಟಿಸುವ ಚಾಲಕನು ಬೈಪಾಸ್ ಕವಾಟವನ್ನು ತಾನೇ ತೆರೆದು, ಸೋಸದ ಎಣ್ಣೆಯನ್ನು ಬೇರಿಂಗಿಗೆ ಕಳಿಸಿದಂತಾಗುತ್ತದೆ.

ಇದೆಲ್ಲ ನಡೆಯುವಾಗ ಚಾಲಕನಿಗೆ ಯಾವ ಸೂಚನೆಯೂ ಸಿಗುವುದಿಲ್ಲವೆಂಬುದೇ ಈ ವಿಷಯದ ದೊಡ್ಡ ಅಪಾಯ. ಫಲಕದ ಮೇಲಿನ ಕೆಂಪು ಎಣ್ಣೆದೀಪ ಅಳೆಯುವುದು ಒತ್ತಡವನ್ನು, ಕೊಳೆಯನ್ನಲ್ಲ. ಕವಾಟ ತೆರೆದು ಕೊಳೆಯೆಣ್ಣೆ ಹರಿದರೂ ಒತ್ತಡ ಸರಿಯಾಗಿಯೇ ಇರುತ್ತದೆ, ದೀಪ ಹತ್ತುವುದಿಲ್ಲ. ಸವೆದ ಬೇರಿಂಗಿನ ಸಂದಿ ಹಿಗ್ಗಿ, ಒತ್ತಡವೇ ನಿಲ್ಲದಂತಾದಾಗ ಅದು ಹತ್ತುತ್ತದೆ. ಅಷ್ಟರಲ್ಲಿ ಗಾಡಿ ಹಲವು ಸಾವಿರ ಕಿಲೋಮೀಟರು ಓಡಿರುತ್ತದೆ, ಫಿಲ್ಟರು ಮಾರಿದವರ ನೆನಪೂ ಇರುವುದಿಲ್ಲ. ಹಿಮ್ಮುಖ ಕವಾಟದ ದೋಷ ಮಾತ್ರ ಕಿವಿಗೆ ತಿಳಿಯುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಹಚ್ಚಿದಾಗ ದೀಪ ಆರಲು ಮೂರು ನಾಲ್ಕು ಸೆಕೆಂಡು ಹಿಡಿದು, ಅಷ್ಟು ಹೊತ್ತೂ ಎಂಜಿನ್ ಗಟಗಟ ಸದ್ದು ಮಾಡಿದರೆ, ಖಾಲಿಯಾದ ಡಬ್ಬಿ ತುಂಬುವ ತನಕ ಬೇರಿಂಗುಗಳು ಬರಿಮೈಯಲ್ಲಿ ತಿರುಗಿದುವೆಂದು ತಿಳಿಯಬೇಕು.

ಮರೆ ಹೊಂದಿದ ಮಾತ್ರಕ್ಕೆ ಡಬ್ಬಿ ಹೊಂದಿತೆನ್ನುವಂತಿಲ್ಲ. ರೂಢಿಯಲ್ಲಿರುವ ಎರಡು ಮರೆಗಳಲ್ಲಿ ಒಂದರ ವ್ಯಾಸ 20 ಮಿಲಿಮೀಟರು, ಸುತ್ತಿನ ಅಂತರ ಒಂದೂವರೆ ಮಿಲಿಮೀಟರು. ಇನ್ನೊಂದು ಮುಕ್ಕಾಲು ಅಂಗುಲದ್ದು, ಅಂದರೆ 19.05 ಮಿಲಿಮೀಟರು, ಅಂಗುಲಕ್ಕೆ 16 ಸುತ್ತು. 20 ಮಿಲಿಮೀಟರಿನ ಡಬ್ಬಿ ಮುಕ್ಕಾಲು ಅಂಗುಲದ ಮೊಳೆಯ ಮೇಲೆ ಸಡಿಲವಾಗಿ ಕೂರುತ್ತದೆ, ಕೈಗೆ ಬಿಗಿದಂತೆಯೂ ತೋರುತ್ತದೆ. ಒತ್ತಡ ಏರಿದಾಗ ಕಳಚಿ ಎಣ್ಣೆಯನ್ನೆಲ್ಲ ರಸ್ತೆಗೆ ಚೆಲ್ಲಬಹುದು.

ಒಳ್ಳೆಯ ಫಿಲ್ಟರನ್ನೇ ಕೆಟ್ಟದಾಗಿ ಕೂಡಿಸುವುದರ ಫಲ 2004ರಲ್ಲಿ ಅಮೆರಿಕದಲ್ಲಿ ಕಂಡುಬಂದಿತು. ಹೋಂಡಾ ಸಿಆರ್‌-ವಿ ಎಂಬ ಹೊಸ ಕಾರುಗಳು ಮೊದಲ ಸಲ ಎಣ್ಣೆ ಬದಲಾಯಿಸಿದ ಸ್ವಲ್ಪ ಕಾಲದಲ್ಲೇ ಹೊತ್ತಿಕೊಂಡ ಪ್ರಸಂಗಗಳು ಹಲವಾದಾಗ ಸರ್ಕಾರದ ಸುರಕ್ಷಾ ಇಲಾಖೆ ವಿಚಾರಣೆ ನಡೆಸಿತು. ಹಳೆಯ ಡಬ್ಬಿ ತೆಗೆದಾಗ ಅದರ ರಬ್ಬರ್ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಗ್ಯಾಸ್ಕೆಟ್ ಕೂತು, ಎಣ್ಣೆ ಚಿಮ್ಮಿ ಕಾದ ಹೊಗೆಕೊಳವೆಯ ಮೇಲೆ ಬಿದ್ದಿತ್ತೆಂದು ಕಂಪೆನಿಯವರು ವಿವರಿಸಿದರು. ಹಳೆಯ ಗ್ಯಾಸ್ಕೆಟ್ ಡಬ್ಬಿಯೊಡನೆ ಬಂದಿದೆಯೇ ಎಂದು ಒಮ್ಮೆ ನೋಡಲು ಎರಡು ಸೆಕೆಂಡು ಸಾಕು.

ಕೊಳ್ಳುವವರ ಪಾಡು

ಇನ್ನು ಆ ಮೂರು ಡಬ್ಬಿಗಳ ಪ್ರಶ್ನೆ. ಕಾರಿನ ಕಂಪೆನಿಗಳು ಸಾಮಾನ್ಯವಾಗಿ ತಾವೇ ಫಿಲ್ಟರು ಮಾಡುವುದಿಲ್ಲ. ಅದನ್ನೇ ಕಸುಬಾಗಿ ಉಳ್ಳ ಕಾರಖಾನೆಗಳಿಂದ ತಮ್ಮ ಅಳತೆಗೆ ತಕ್ಕಂತೆ ಮಾಡಿಸಿ ತಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಮಾರುತ್ತಾರೆ. ಆ ಕಾರಖಾನೆಗಳು ತಮ್ಮದೇ ಹೆಸರಿನಲ್ಲಿ ಮಾರುವ ಮಾಲು ಅದಕ್ಕೆ ಸಮನಾಗಿರುವುದುಂಟು. ಆದ್ದರಿಂದ ಎರಡನೆಯ ಡಬ್ಬಿಯನ್ನು ಕೊಂಡವರು ಮೂರ್ಖರಲ್ಲ. ಮುಚ್ಚಳ ತಗಡಿನದಲ್ಲ, ಕಾಗದದ್ದು ಎಂಬ ಒಂದೇ ಕಾರಣಕ್ಕೆ ಡಬ್ಬಿಯನ್ನು ಹೀಗಳೆಯುವವರೂ ಇದ್ದಾರೆ. ನಮ್ಮ ಮಟ್ಟಿಗೆ ಮುಖ್ಯವಾದುದು ಅಂಟು, ಮುಚ್ಚಳವಲ್ಲ. ಡಬ್ಬಿಯ ತೂಕವನ್ನು ಅಂಗೈಯಲ್ಲಿ ತೂಗಿ ಬೆಲೆಕಟ್ಟುವುದೂ ಅಂಥದೇ: ದಪ್ಪ ತಗಡು ಧೂಳನ್ನು ಸೋಸುವುದಿಲ್ಲ.

ಮೂರನೆಯ ಡಬ್ಬಿ ತನ್ನ ಸ್ವಂತ ಹೆಸರಿನಲ್ಲಿ ಅಗ್ಗವಾಗಿದ್ದರೆ ಕೊಳ್ಳುವವನಿಗೆ ಎಚ್ಚರವಾದರೂ ಇರುತ್ತದೆ. ಹೆಚ್ಚು ಅಪಾಯದ್ದು ಹೆಸರುವಾಸಿ ಕಂಪೆನಿಯ ಪೆಟ್ಟಿಗೆಯನ್ನು ಅನುಕರಿಸಿ ಬರುವ ಡೂಪ್ಲಿಕೇಟ್. 1999ರ ವ್ಯಾಪಾರಚಿಹ್ನೆಗಳ ಕಾನೂನಿನಂತೆ ಇಂಥದನ್ನು ಮಾಡುವವರಿಗೂ ಮಾರುವವರಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ಆದರೆ ಫಿಲ್ಟರಿನಿಂದಲೇ ಎಂಜಿನ್ ಕೆಟ್ಟಿತೆಂದು ತೋರಿಸಬೇಕಾದರೆ ಕೈಯಲ್ಲಿ ಬಿಲ್ಲೂ ಇರಬೇಕು, ಡಬ್ಬಿಯೂ ಇರಬೇಕು. ನೂರೈವತ್ತು ರೂಪಾಯಿಯ ವಸ್ತುವಿಗೆ ಬಿಲ್ಲು ಕೇಳುವವರು ಎಷ್ಟು ಮಂದಿ? 2019ರ ಗ್ರಾಹಕ ಸಂರಕ್ಷಣಾ ಕಾನೂನು ಇದ್ದರೂ ಅದಕ್ಕೆ ಮೊದಲ ಮೆಟ್ಟಿಲು ಆ ಚೀಟಿಯೇ.

ಕೊಳ್ಳುವಾಗ ಕಣ್ಣಿನಿಂದ ತಿಳಿಯಬಹುದಾದುದು ಸ್ವಲ್ಪ ಮಾತ್ರ. ಮರೆಯಲ್ಲಿ ಲೋಹದ ಪುಡಿ ಉಳಿದಿರಬಾರದು. ಗ್ಯಾಸ್ಕೆಟ್ ತನ್ನ ಗಾಡಿಯಲ್ಲಿ ಸಮವಾಗಿ ಕೂತಿರಬೇಕು. ಚಿಕ್ಕ ತೂತುಗಳ ಒಳಗೆ ಕಾಣುವ ರಬ್ಬರನ್ನು ಮೆಲ್ಲನೆ ಒತ್ತಿದರೆ ಬಾಗಿ ಮತ್ತೆ ತನ್ನ ಸ್ಥಾನಕ್ಕೆ ಬರಬೇಕು. ಕಾಗದದ ಗುಣ ಹೊರಗಿನಿಂದ ಕಾಣಲಾರದು. ಅಲ್ಲಿ ಕಾರಿನ ಕೈಪಿಡಿಯಲ್ಲಿರುವ ಭಾಗಸಂಖ್ಯೆಯನ್ನೂ ಮಾರುವವರ ಮೇಲಿನ ನಂಬಿಕೆಯನ್ನೂ ಆಶ್ರಯಿಸಬೇಕು. ಕೈಪಿಡಿಗಳು ಧೂಳಿನ ಊರುಗಳಲ್ಲಿ ಓಡುವ ಗಾಡಿಗೆ ಎಣ್ಣೆಯನ್ನೂ ಫಿಲ್ಟರನ್ನೂ ಬೇಗ ಬದಲಾಯಿಸಲು ಹೇಳುತ್ತವೆ. ಕಠಿಣ ಸನ್ನಿವೇಶ ಎಂಬ ಆ ಸಣ್ಣಕ್ಷರದ ಪಟ್ಟಿ ಬಳ್ಳಾರಿ ಸೀಮೆಯವರಿಗೆಂದೇ ಬರೆದಂತಿದೆ.

ಕೊಂಡ ಮೇಲೆ ತಿಳಿಯುವ ದಾರಿ ಒಂದಿದೆ: ಬದಲಾಯಿಸಿದ ಹಳೆಯ ಡಬ್ಬಿಯನ್ನು ಕೊಯ್ದು ನೋಡುವುದು. ಮೊದಲು ಅದನ್ನು ಒಂದು ರಾತ್ರಿ ಬೋರಲಾಗಿಟ್ಟು ಎಣ್ಣೆ ಇಳಿಸಬೇಕು. ಆ ಎಣ್ಣೆ ಕಾಲುವೆಗೂ ಚರಂಡಿಗೂ ಸೇರತಕ್ಕದ್ದಲ್ಲ. ಹಳೆಯೆಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಡಬೇಕು. ಹ್ಯಾಕ್ಸಾದಿಂದ ಕೊಯ್ದರೆ ಗರಗಸದ ಪುಡಿಯೇ ಕಾಗದಕ್ಕೆ ಬಿದ್ದು ಮೋಸವಾಗುವುದರಿಂದ, ಕೊಳವೆ ಕತ್ತರಿಸುವಂಥ ಚಕ್ರದ ಕಟ್ಟರು ಒಳ್ಳೆಯದು. ಕಾಗದವನ್ನು ಬಿಚ್ಚಿ ಹರವಿ, ಕೊಳೆಯನ್ನು ಸ್ವಲ್ಪ ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿಯ ಬಟ್ಟಲಿನಲ್ಲಿ ತಂಗಲು ಬಿಟ್ಟು, ತಳದಿಂದ ಆಯಸ್ಕಾಂತವನ್ನು ಆಡಿಸಬೇಕು. ಎದ್ದು ಅಂಟುವ ಹೊಳೆಯುವ ಚೂರು ಉಕ್ಕು: ಶಾಫ್ಟು, ರಿಂಗು, ಗೇರುಗಳ ಸವೆತ. ಹೊಳೆದರೂ ಅಂಟದೆ ಉಳಿದದ್ದು ಅಲ್ಯೂಮಿನಿಯಮ್ಮೋ ತಾಮ್ರವೋ ತವರವೋ ಆಗಿರಬೇಕು. ಬೇರಿಂಗಿನ ಕಡೆ ಸಂಶಯಪಡಬೇಕು. ನಮ್ಮ ಜಿಲ್ಲೆಯಲ್ಲಿ ಇದರ ಜೊತೆಗೆ ಹೊಳಪಿಲ್ಲದ ಕೆಂಪು ಪುಡಿಯೂ ಕಾಣಬಹುದು. ಹೆಮಟೈಟಿನಲ್ಲಿ ಕಬ್ಬಿಣವಿದ್ದರೂ ಸಾಮಾನ್ಯ ಆಯಸ್ಕಾಂತ ಅದನ್ನು ಎಳೆಯುವುದಿಲ್ಲವೆಂದೇ ಹೇಳಬೇಕು. ಅದರೊಡನೆ ಮ್ಯಾಗ್ನೆಟೈಟ್ ಬೆರೆತಿದ್ದರೆ ಕಪ್ಪು ಕಣಗಳು ಏಳುತ್ತವೆ, ಆದರೆ ಅವಕ್ಕೆ ಲೋಹದ ಹೊಳಪಿರುವುದಿಲ್ಲ. ಈ ಕೆಂಪು ಪುಡಿ ತೈಲಶೋಧಕದ ಕಾಗದದಲ್ಲಿ ಕಂಡಿತೆಂದರೆ ತಪ್ಪು ಅದರದಲ್ಲ, ಅದು ತನ್ನ ಕೆಲಸ ಮಾಡಿದೆ. ಆಗ ತೆಗೆದು ನೋಡಬೇಕಾದುದು ಏರ್ ಫಿಲ್ಟರನ್ನೂ, ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಬಿರುಕುಗಳನ್ನೂ, ಅದರ ಕ್ಲಿಪ್ಪು ಬಿಗಿಯಾಗಿದೆಯೇ ಎಂಬುದನ್ನೂ.